ಕಥೆಯಲ್ಲಿ ಎಂದೂ ನಿಲ್ಲದ ಬಿರುಗಾಳಿಯನ್ನು ಕಟ್ಟುವುದು ಹೇಗೆ?

ರಾಯಚೂರಿನಲ್ಲಿ ಭಾನುವಾರ ಸಂಜೆ ಕಥೆ ಬರೆಯುವ ಹುಡುಗ ಹುಡುಗಿಯರು ಒಂದೆಡೆ ಸೇರುತ್ತಾರೆ. ನಾನು ಭೌತಶಾಸ್ತ್ರ ಪಾಠ ಮಾಡುವವನು. ಹಾಗಾಗಿ ಬೇರೆ ಗ್ರಹದ ಕಥೆ ಬಂತೆಂದರೆ ನೋಟ್‌ಬುಕ್ ಮೊದಲು ನನ್ನ ಕೈಗೇ ಬರುತ್ತದೆ. ಬಿಸಿಲೂರಿನ ಮಕ್ಕಳಲ್ವಾ, ಅವರ ಗ್ರಹಗಳಲ್ಲಿ ಯಾವಾಗಲೂ ಮಳೆ, ಯಾವಾಗಲೂ ಬಿರುಗಾಳಿ. ‘ಸಾವಿರ ವರ್ಷದಿಂದ ಗಾಳಿ ನಿಂತಿಲ್ಲ’ ಎಂದು ಮೊದಲ ಸಾಲಿನಲ್ಲೇ ಬರೆದಿರುತ್ತಾರೆ. ಯಾಕೆ ನಿಂತಿಲ್ಲ ಎಂದು ಕೇಳಿದರೆ, ‘ಗ್ರಹ ಜೋರಾಗಿ ತಿರುಗುತ್ತೆ ಸರ್’ ಅನ್ನುತ್ತಾರೆ.

ಈ ಉತ್ತರ ಸಾಲದು. ಗ್ರಹ ತಿರುಗಿದರೆ ಅದರ ಗಾಳಿಯೂ ಜೊತೆಗೇ ತಿರುಗುತ್ತದೆ. ಗ್ರಹದ ತಿರುಗುವಿಕೆ ಬೀಸುವ ಗಾಳಿಯನ್ನು ಓರೆ ಮಾಡುತ್ತದೆ, ಸುಳಿ ಮಾಡುತ್ತದೆ. ಅದಕ್ಕೆ ಶಕ್ತಿ ಕೊಡುವುದಿಲ್ಲ. ನಿಲ್ಲದ ಬಿರುಗಾಳಿ ಬೇಕಿದ್ದರೆ ಎರಡು ಪ್ರಶ್ನೆ ಕೇಳಬೇಕು. ಅದಕ್ಕೆ ಊಟ ಎಲ್ಲಿಂದ? ಅದನ್ನು ತಡೆಯುವವರು ಯಾರು?

ಮೊದಲ ಹೆಜ್ಜೆ: ಗ್ರಹಕ್ಕೆ ನೆಲ ಇದೆಯೋ ಇಲ್ಲವೋ ತೀರ್ಮಾನಿಸಿ. ಗಾಳಿಯ ದೊಡ್ಡ ಶತ್ರು ನೆಲ. ಬೆಟ್ಟ, ಮರ, ಮನೆ, ಕಲ್ಲು ಎಲ್ಲವೂ ಅದನ್ನು ತಿಕ್ಕಿ ತಿಕ್ಕಿ ಸುಸ್ತು ಮಾಡುತ್ತವೆ. ಬಂಗಾಳ ಕೊಲ್ಲಿಯಲ್ಲಿ ಅಬ್ಬರಿಸಿದ ಚಂಡಮಾರುತ ನಮ್ಮ ಕಡೆ ಬರುವಷ್ಟರಲ್ಲಿ ಬರೀ ಮೋಡ, ಜಿಟಿಜಿಟಿ ಮಳೆ ಆಗಿರುತ್ತದೆ. ಗುರು ಗ್ರಹದಲ್ಲಿ ಕಾಲಿಡಲು ಗಟ್ಟಿ ನೆಲವೇ ಇಲ್ಲ. ಅಲ್ಲಿನ ದೊಡ್ಡ ಕೆಂಪು ಕಲೆ ಭೂಮಿಗಿಂತ ಅಗಲವಾದ ಒಂದು ಬಿರುಗಾಳಿ. ಅದನ್ನು ಹತ್ತೊಂಬತ್ತನೇ ಶತಮಾನದಿಂದ ಬಿಡದೆ ನೋಡುತ್ತಾ ಬಂದಿದ್ದಾರೆ. ಚಿಕ್ಕ ಸುಳಿಗಳನ್ನು ನುಂಗಿಯೂ ಬದುಕುತ್ತದೆ. ಆದರೆ ಅದೂ ಕುಗ್ಗುತ್ತಿದೆ. ಆ ಶತಮಾನದ ಕೊನೆಯಲ್ಲಿ ಸುಮಾರು 40,000 ಕಿ.ಮೀ. ಇದ್ದ ಅಗಲ ಈಗ ಸುಮಾರು 16,000 ಕಿ.ಮೀ. ನೆಪ್ಚೂನಿನಲ್ಲೂ ನೆಲವಿಲ್ಲ. ಅಲ್ಲಿ 1989ರಲ್ಲಿ ವಾಯೇಜರ್ 2 ನೌಕೆ ಕಂಡ ದೊಡ್ಡ ಕಪ್ಪು ಕಲೆ, 1994ರಲ್ಲಿ ಹಬಲ್ ದೂರದರ್ಶಕ ನೋಡಿದಾಗ ಇರಲೇ ಇಲ್ಲ. ನೆಲ ಇಲ್ಲದಿದ್ದರೆ ಆಯುಷ್ಯ ಜಾಸ್ತಿ, ಆದರೆ ಅಮರತ್ವ ಇಲ್ಲ.

ನಿಮ್ಮ ಕಥೆಯ ಜನ ತೇಲುವ ಊರುಗಳಲ್ಲಿದ್ದರೆ ಗುರುವಿನಂಥ ಗ್ರಹ ಸಾಕು. ಕಾಲ ಕೆಳಗೆ ಮಣ್ಣು ಬೇಕೆಂದರೆ ಮುಂದೆ ಓದಿ.

ಎರಡನೇ ಹೆಜ್ಜೆ: ಊಟದ ವ್ಯವಸ್ಥೆ. ಎಲ್ಲರೂ ಎಡವುವುದು ಇಲ್ಲೇ. ಹಾಗಾಗಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಒಮ್ಮೆ ಏಪ್ರಿಲ್ ಮಧ್ಯಾಹ್ನ ಸಿಂಧನೂರಿನ ಹತ್ತಿರ ಬಸ್ಸಿಗೆ ಕಾಯುತ್ತಾ ನಿಂತಿದ್ದೆ. ಎದುರಿಗೆ ಹತ್ತಿ ಕಟ್ಟಿಗೆ ಕಿತ್ತ ಎರೆಹೊಲ, ಕಾದ ಹೆಂಚಿನ ಹಾಗಿತ್ತು. ಅದರ ನಡುವೆ ಒಂದು ಸುಳಿಗಾಳಿ ಎದ್ದಿತು. ಒಣ ಎಲೆ, ಧೂಳು, ಒಂದು ಹರಿದ ಗೊಬ್ಬರದ ಚೀಲ, ಎಲ್ಲವನ್ನೂ ಎತ್ತಿಕೊಂಡು ತೆಂಗಿನ ಮರದೆತ್ತರ ನಿಂತಿತು. ಹಾಗೇ ನಡೆಯುತ್ತಾ ಕಾಲುವೆ ದಾಟಿತು. ಆಚೆ ನೀರು ನಿಂತ ಬೇಸಿಗೆ ಭತ್ತದ ಗದ್ದೆ. ಇಪ್ಪತ್ತು ಹೆಜ್ಜೆ ಹೋಗಿರಬಹುದು, ಅಷ್ಟೆ. ಕಂಬ ಕುಸಿದು ಚೀಲ ಹಸಿರು ಪೈರಿನ ಮೇಲೆ ಬಿತ್ತು. ಅಲ್ಲಿ ಅದನ್ನು ತಡೆಯುವ ಗೋಡೆ ಇರಲಿಲ್ಲ. ಊಟ ಇರಲಿಲ್ಲ, ಅಷ್ಟೆ. ಸುಳಿಗಾಳಿಯ ಊಟ ಕಾದ ಒಣ ನೆಲ.

ಸಮುದ್ರದ ಚಂಡಮಾರುತ ಬದುಕುವುದು ಬೆಚ್ಚಗಿನ ನೀರಿನ ಮೇಲೆ. ನೀರಿನ ಬಿಸಿ ಸುಮಾರು 26.5 ಡಿಗ್ರಿ ಸೆಲ್ಸಿಯಸ್‌ಗಿಂತ ಜಾಸ್ತಿ ಇರಬೇಕು. ಆವಿ ಮೇಲೇರಿ ಮತ್ತೆ ನೀರಾಗುವಾಗ ಬಿಡುವ ಶಾಖವೇ ಅದರ ಅನ್ನ. ಆದರೆ ಬಿರುಗಾಳಿ ತನ್ನ ಒಲೆಗೆ ತಾನೇ ನೀರು ಸುರಿದುಕೊಳ್ಳುತ್ತದೆ. ಒಂದು, ಅದರ ಮೋಡ ಬಿಸಿಲನ್ನು ಮುಚ್ಚುತ್ತದೆ. ಎರಡು, ಅಲೆಗಳು ಸಮುದ್ರವನ್ನು ಕಡೆದು ಕೆಳಗಿನ ತಣ್ಣೀರನ್ನು ಮೇಲೆ ತರುತ್ತವೆ. ಅದಕ್ಕೇ ನಮ್ಮ ಚಂಡಮಾರುತಗಳು ಒಂದೆಡೆ ನಿಲ್ಲಲಾರವು, ಹೊಸ ಬಿಸಿನೀರು ಹುಡುಕುತ್ತಾ ಸಾಗಬೇಕು. 2023ರಲ್ಲಿ ಹಿಂದೂ ಮಹಾಸಾಗರದಲ್ಲಿ ಎದ್ದ ಫ್ರೆಡ್ಡಿ ಚಂಡಮಾರುತ ಇಡೀ ಸಾಗರವನ್ನೇ ಅಡ್ಡಹಾದು ಆಫ್ರಿಕಾ ಮುಟ್ಟಿತು. ಅಷ್ಟೆಲ್ಲ ಓಡಾಡಿಯೂ ಬದುಕಿದ್ದು ಐದು ವಾರಕ್ಕೆ ಸ್ವಲ್ಪ ಜಾಸ್ತಿ.

ಹಾಗಾದರೆ ಒಂದೇ ಕಡೆ ಕೂತು ಊಟ ಮಾಡುವ ಬಿರುಗಾಳಿ ಹೇಗೆ? ನನ್ನ ಉತ್ತರ ಒಂದೇ: ಒಂದೇ ಮುಖವನ್ನು ಸದಾ ಸೂರ್ಯನ ಕಡೆ ತೋರಿಸುವ ಗ್ರಹ. ನಮ್ಮ ಚಂದ್ರ ಭೂಮಿಗೆ ಒಂದೇ ಮುಖ ತೋರಿಸುತ್ತಾನಲ್ಲ, ಹಾಗೆ. ಮಂಕು ಕೆಂಪು ನಕ್ಷತ್ರಗಳಿಗೆ ತೀರಾ ಹತ್ತಿರ ಸುತ್ತುವ ಗ್ರಹಗಳು ಹೀಗಿರಬಹುದು. 2016ರಲ್ಲಿ ಪತ್ತೆಯಾದ ಪ್ರಾಕ್ಸಿಮಾ ಬಿ ಅಂಥದ್ದಿರಬಹುದು ಎನ್ನುತ್ತಾರೆ. ನಮ್ಮಿಂದ 4.2 ಜ್ಯೋತಿರ್ವರ್ಷ ದೂರ, ಅದರ ಒಂದು ವರ್ಷ ಎಂದರೆ ನಮ್ಮ 11 ದಿನ.

ಅಂಥ ಗ್ರಹದಲ್ಲಿ ಸೂರ್ಯ ಒಂದು ಜಾಗದ ನೆತ್ತಿಯ ಮೇಲೆ ನಿಂತೇ ಇರುತ್ತಾನೆ. ಅಲ್ಲಿಗೆ ಸಂಜೆ ಇಲ್ಲ, ಚಳಿಗಾಲ ಇಲ್ಲ. ಅಲ್ಲಿ ಸಮುದ್ರ ಇಡಿ. ಕಾದ ಒದ್ದೆ ಗಾಳಿ ಮೇಲೇರುತ್ತದೆ, ಗುಡುಗಿ ಸುರಿಯುತ್ತದೆ. ಮೇಲೆ ಹೋದ ಗಾಳಿ ಕತ್ತಲ ಕಡೆಗೆ ಹರಿದು, ತಣ್ಣಗಾಗಿ ಇಳಿದು, ನೆಲಮಟ್ಟದಲ್ಲಿ ವಾಪಸ್ ಬರುತ್ತದೆ. ಕಂಪ್ಯೂಟರಿನಲ್ಲಿ ಇಂಥ ಗ್ರಹಗಳನ್ನು ನಡೆಸಿ ನೋಡಿದವರಿಗೂ ಆ ಜಾಗದಲ್ಲಿ ದಟ್ಟ ಮೋಡ ಕೂತೇ ಇರುವುದು ಕಂಡಿದೆ.

ಮೋಡ ಬಿಸಿಲು ಮುಚ್ಚುವ ತೊಂದರೆ ಹಾಗೇ ಉಳಿಯಿತಲ್ಲ ಅನ್ನಬಹುದು. ಅದಕ್ಕೆ ಸಮುದ್ರವನ್ನು ಬಿರುಗಾಳಿಗಿಂತ ಬಹಳ ಅಗಲ ಮಾಡಿ. ಮೋಡದ ಸುತ್ತ ತಿಳಿ ಆಕಾಶದ ಒಂದು ದೊಡ್ಡ ಬಳೆ ಇರಲಿ. ಬಿಸಿಲು ಆ ಬಳೆಯ ನೀರನ್ನು ಕಾಯಿಸಲಿ, ಗಾಳಿ ಆ ಆವಿಯನ್ನು ನಡುವಿಗೆ ಹೊತ್ತು ತರಲಿ. ಅಡುಗೆ ಹೊರಗೆ, ಊಟ ಒಳಗೆ. ಈ ಬಳೆಯನ್ನು ನಕ್ಷೆಯಲ್ಲಿ ಬಿಡಿಸದ ಕಥೆಯನ್ನು ನಾನು ವಾಪಸ್ ಕೊಡುತ್ತೇನೆ.

ಇನ್ನೊಂದು ಸೋರಿಕೆ ಇದೆ. ಕತ್ತಲ ಕಡೆ ಬಿದ್ದ ಹಿಮ ಕರಗದೆ ಕೂತರೆ, ಕಾಲಾಂತರದಲ್ಲಿ ನೀರೆಲ್ಲ ಅಲ್ಲೇ ಮಂಜುಗಡ್ಡೆಯಾಗಿ ಬಿರುಗಾಳಿ ಉಪವಾಸ ಬೀಳುತ್ತದೆ. ಹಾಗಾಗಿ ಕತ್ತಲ ಕಡೆ ಖಂಡ ಬೇಡ, ಆಳವಾದ ಸಮುದ್ರ ಇರಲಿ. ಬೆಚ್ಚಗಿನ ಪ್ರವಾಹಗಳು ಅಲ್ಲಿಯವರೆಗೂ ಹೋಗಿ ಬರಲಿ. ಶಾಖ ಹೊತ್ತೊಯ್ಯಲು ಗಾಳಿಯೂ ದಪ್ಪ ಇರಲಿ.

ಅಡ್ಡದಾರಿ ಹಿಡಿಯುವವರಿಗೆ ಒಂದು ಮಾತು. ‘ಸಮುದ್ರದ ಕೆಳಗೆ ಜ್ವಾಲಾಮುಖಿ ಇದೆ, ಅದೇ ಕಾಯಿಸುತ್ತೆ’ ಎಂದು ಬರೆಯಬೇಡಿ. ಭೂಮಿಯ ಒಳಗಿನ ಶಾಖ ಪ್ರತಿ ಚದರ ಮೀಟರಿಗೆ 0.1 ವ್ಯಾಟ್ ಕೂಡ ಇಲ್ಲ. ಬಿಸಿಲಿನಿಂದ ಭೂಮಿ ಹೀರುವುದು ಸರಾಸರಿ 240 ವ್ಯಾಟ್. ಮಾಯೆ ಬಳಸಲೇಬೇಕಿದ್ದರೆ ಒಂದೇ ಕಡೆ ಬಳಸಿ, ಒಲೆಗೆ ಮಾತ್ರ. ಉಳಿದದ್ದನ್ನೆಲ್ಲ ನಿಜವಾದ ಗಾಳಿ, ನಿಜವಾದ ನೀರಿಗೇ ಬಿಡಿ. ಗ್ರಹದ ನಕ್ಷೆ ಬಿಡಿಸಿಕೊಡುವ ಫ್ರೀ ಆ್ಯಪ್‌ಗಳನ್ನೂ ನಂಬಬೇಡಿ. ನಾನು ನೋಡಿದವೆಲ್ಲ ಮೋಡವನ್ನು ಅಂದಕ್ಕೆ ಉದುರಿಸುತ್ತವೆ. ಒಂದು ಡ್ರಾಯಿಂಗ್ ಹಾಳೆ, ಎರಡು ಬಣ್ಣದ ಪೆನ್ಸಿಲ್ ಸಾಕು.

ಮೂರನೇ ಹೆಜ್ಜೆ: ಆಕಾರ. ಸುಮ್ನೆ ಚಕ್ರ ಬರೆದು ನಡುವೆ ಕಣ್ಣು ಇಡಬೇಡಿ. ಭೂಮಿಯಲ್ಲೇ ಸಮಭಾಜಕ ವೃತ್ತದ ಆಚೀಚೆ ಸುಮಾರು 5 ಡಿಗ್ರಿಯೊಳಗೆ ಚಂಡಮಾರುತ ಹುಟ್ಟುವುದು ತೀರಾ ಅಪರೂಪ, ಅಲ್ಲಿ ತಿರುಚುವ ಬಲ ಸಾಲದು. ಒಂದೇ ಮುಖ ತೋರಿಸುವ ನಿಮ್ಮ ಗ್ರಹ ತಿರುಗುವುದು ಇನ್ನೂ ನಿಧಾನ. ಅಲ್ಲಿ ಸಿಗುವುದು ಒಂದು ದೈತ್ಯ ಸುಳಿಯಲ್ಲ. ಎದ್ದು, ಸುರಿದು, ಸಾಯುವ ಸಾವಿರ ಗುಡುಗು ಮೋಡಗಳ ಗುಂಪು. ಒಂದು ಸತ್ತರೆ ಪಕ್ಕದಲ್ಲಿ ಇನ್ನೊಂದು. ವೆನೆಜುವೆಲಾದ ಮರಕೈಬೊ ಸರೋವರಕ್ಕೆ ಕಟಟುಂಬೊ ನದಿ ಸೇರುವಲ್ಲಿ ವರ್ಷಕ್ಕೆ ಸುಮಾರು 150 ರಾತ್ರಿ ಹೀಗೇ ಮಿಂಚುತ್ತದೆ. ಬೆಚ್ಚಗಿನ ಸರೋವರ, ಮೂರು ಕಡೆ ಬೆಟ್ಟ. 2010ರಲ್ಲಿ ಬರ ಬಿದ್ದು ಕೆಲವು ತಿಂಗಳು ಆ ಮಿಂಚೂ ನಿಂತಿತ್ತು. ಊಟದ ಮಾತು ಇಲ್ಲಿಯೂ ಬಂತು ನೋಡಿ.

ನಾಲ್ಕನೇ ಹೆಜ್ಜೆ: ವೇಗ ಬರೆಯಿರಿ, ಜನ ಎಲ್ಲಿರುತ್ತಾರೆ ಬರೆಯಿರಿ. ಗಾಳಿಯ ವೇಗ ಎರಡು ಪಟ್ಟಾದರೆ ಅದರ ನೂಕು ನಾಲ್ಕು ಪಟ್ಟು. ಗಂಟೆಗೆ 300 ಕಿ.ಮೀ. ಎಂದು ಬರೆದು ಕೆಳಗೆ ಜೋಪಡಿ, ಬಾಳೆತೋಟ ಇಡಬೇಡಿ. ಸದಾ ಸುರಿಯುವ ಮಳೆಗೆ ಮಣ್ಣೂ ನಿಲ್ಲದು. ವರ್ಷಕ್ಕೆ 11,000 ಮಿ.ಮೀ. ಮಳೆಯ ಚಿರಾಪುಂಜಿಯಲ್ಲಿ ಮೇಲ್ಮಣ್ಣು ಕೊಚ್ಚಿಹೋಗಿ, ಒಣ ತಿಂಗಳಲ್ಲಿ ಕುಡಿಯುವ ನೀರಿಗೂ ಪರದಾಟ. ಆದ್ದರಿಂದ ಊರುಗಳನ್ನು ಬಿರುಗಾಳಿಯ ಅಂಚಿನಲ್ಲೇ ಇಡಿ. ಸೂರ್ಯ ಅಲ್ಲಿ ಆಕಾಶದ ಒಂದು ಬದಿಯಲ್ಲಿ ಕೆಂಪಗೆ ನಿಂತಿರುತ್ತಾನೆ, ಅವನ ಕೆಳಗೆ ಕಪ್ಪು ಮೋಡದ ಗೋಡೆ.

ಕೊನೆಗೆ ಹೆಸರು. ಅಲ್ಲಿನ ಜನ ಅದನ್ನು ಬಿರುಗಾಳಿ ಎಂದು ಕರೆಯಲಾರರು, ಅದು ನಿಂತದ್ದನ್ನು ಅವರು ಕಂಡೇ ಇಲ್ಲ. ಮಸ್ಕಿಯ ಹುಡುಗಿಯೊಬ್ಬಳು ತನ್ನ ಕಥೆಯಲ್ಲಿ ಅದಕ್ಕೆ ‘ನಡುಮನೆ’ ಎಂದು ಹೆಸರಿಟ್ಟಿದ್ದಾಳೆ. ನಕ್ಷೆಯಲ್ಲಿ ಗಾಳಿಯ ನೀಲಿ ಬಾಣಗಳು ನಡುಮನೆಯ ಒಳಕ್ಕೆ ಬರುತ್ತವೆ, ನಡುವಿನ ದ್ವೀಪದಿಂದ ನದಿಯ ಕೆಂಪು ಬಾಣಗಳು ಹೊರಕ್ಕೆ ಹೋಗಿ ಸಮುದ್ರ ಸೇರುತ್ತವೆ. ಬಾಣಗಳನ್ನು ಬೆರಳಿನಿಂದ ಒಂದು ಸುತ್ತು ಹಿಂಬಾಲಿಸಿದೆ. ಎಲ್ಲೂ ಕಡಿದಿರಲಿಲ್ಲ.