ಇಯರ್‌ಬಡ್‌ನಲ್ಲಿ ಘಟವನ್ನು ತಲೆಯಿಂದ ಹೊರಗೆ ಕೂರಿಸಿದ್ದು

ಪರಿಚಯದವರ ಮನೆಯಲ್ಲಿ ನಡೆದ ವೀಣೆ ಕಚೇರಿಯೊಂದನ್ನು ರೆಕಾರ್ಡ್ ಮಾಡಿದ್ದೆ. ವೀಣೆ, ಮೃದಂಗ, ಘಟ ಮೂರಕ್ಕೂ ಬೇರೆ ಬೇರೆ ಮೈಕ್. ಮಾಮೂಲಿ ಸ್ಟೀರಿಯೋ ಮಿಕ್ಸ್ ಮಾಡಿ ಇಯರ್‌ಬಡ್ ಹಾಕಿಕೊಂಡರೆ ವೀಣೆ ತಲೆಯ ನಟ್ಟನಡುವೆ, ಮೃದಂಗ ಬಲಗಿವಿಯೊಳಗೆ, ಘಟ ಎಡಗಿವಿಯೊಳಗೆ. ಯಾವುದೂ ಎದುರಿಗೆ ಕೂತಿರಲಿಲ್ಲ. ಶಬ್ದ ಸುತ್ತಲಿನ ಜಾಗದಿಂದ ಬಂದಂತೆ ಕೇಳಿಸಲು ಕಂಪನಿಗಳು ಸ್ಪೇಶಿಯಲ್ ಆಡಿಯೋ ಅಂತ ಮಾಡುತ್ತವಲ್ಲ, ಅದನ್ನು ನಾನೇ ಮೊದಲಿಂದ ಕಟ್ಟಿ ನೋಡೋಣ ಅಂತ ಹೊರಟೆ. ಕೊನೆಗೆ ನನಗೆ ಮನವರಿಕೆಯಾಗಿದ್ದು ಒಂದೇ: ಶಬ್ದ ತಲೆಯಿಂದ ಹೊರಗೆ ಬರಬೇಕಾದರೆ ಕಿವಿಯಷ್ಟೇ ಕತ್ತೂ ಮುಖ್ಯ.

ಮೊದಲು ಸುಲಭದ್ದು. ಎಡಗಡೆಯಿಂದ ಬಂದ ಶಬ್ದ ಎಡಗಿವಿಗೆ ಮೊದಲು ಮುಟ್ಟುತ್ತದೆ, ತಲೆಯನ್ನು ಬಳಸಿಕೊಂಡು ಬಲಗಿವಿಗೆ ಹೋಗೋದು ಸ್ವಲ್ಪ ತಡ. ಆ ತಡ ಜಾಸ್ತಿ ಅಂದರೆ 0.6 ಅಥವಾ 0.7 ಮಿಲಿಸೆಕೆಂಡ್. ಶಬ್ದವನ್ನು ಸೆಕೆಂಡಿಗೆ 48,000 ಸಲ ಅಳೆದಿಡುವ 48 ಕಿಲೋಹರ್ಟ್ಸ್ ರೆಕಾರ್ಡಿಂಗ್‌ನಲ್ಲಿ ಅದು ಸುಮಾರು 30 ಸ್ಯಾಂಪಲ್, ಅಂದರೆ 30 ಅಳತೆ. ಘಟದ ಟ್ರ್ಯಾಕನ್ನು ಎರಡೂ ಕಿವಿಗೆ ಒಂದೇ ಮಟ್ಟದಲ್ಲಿ ಕೊಟ್ಟು, ಬಲಗಡೆಯದನ್ನು 30 ಸ್ಯಾಂಪಲ್ ತಡ ಮಾಡಿದೆ. ವಾಲ್ಯೂಮ್ ಮುಟ್ಟಲೇ ಇಲ್ಲ, ಆದರೂ ಘಟ ಪೂರ್ತಿ ಎಡಕ್ಕೆ ಹೋಯಿತು. ತಲೆಯ ನೆರಳಿನಿಂದ ಆ ಕಡೆಯ ಕಿವಿಗೆ, ಅದರಲ್ಲೂ ಮೇಲಿನ ಸ್ವರಗಳಲ್ಲಿ, ಶಬ್ದ ಕಮ್ಮಿ ಮುಟ್ಟುತ್ತದೆ. ಅದನ್ನೂ ಸೇರಿಸಿದೆ. ಈ ಎರಡು ಸುಳಿವುಗಳನ್ನು ಭೌತವಿಜ್ಞಾನಿ ಲಾರ್ಡ್ ರೇಲೇ 1907ರಲ್ಲೇ ವಿವರಿಸಿದ್ದರು. ಎಡ ಬಲ ಚೆನ್ನಾಗಿ ಬಂತು. ಶಬ್ದ ಮಾತ್ರ ಇನ್ನೂ ತಲೆಯೊಳಗೇ.

ಯಾಕೆ ಅಂದರೆ, ಮುಂದೆ, ಹಿಂದೆ, ನೆತ್ತಿಯ ಮೇಲೆ ಎಲ್ಲಿಂದ ಬಂದರೂ ನಡುಗೆರೆಯ ಮೇಲಿನ ಶಬ್ದ ಎರಡೂ ಕಿವಿಗೆ ಒಟ್ಟಿಗೇ ಮುಟ್ಟುತ್ತದೆ. ಅಲ್ಲಿ ಕೆಲಸ ಮಾಡೋದು ಹೊರಕಿವಿಯ ಮಡಿಕೆಗಳು. ಶಬ್ದ ಆ ಮಡಿಕೆಗಳಿಗೆ ಬಡಿದು ಒಳಗೆ ಹೋಗುವಾಗ ಕೆಲವು ಸ್ವರಗಳು ಸೊರಗುತ್ತವೆ, ಕೆಲವು ಮೇಲೇಳುತ್ತವೆ. ಬಂದ ದಿಕ್ಕು ಬದಲಾದಂತೆ ಈ ಏರಿಳಿತವೂ ಬದಲಾಗುತ್ತದೆ. ಇದನ್ನು ಮನೆಯಲ್ಲೇ ನೋಡಬಹುದು. ಕಿವಿಯ ತೂತು ಬಿಟ್ಟು ಸುತ್ತಲಿನ ಮಡಿಕೆಗಳಿಗೆ ಮಾತ್ರ ಚಪಾತಿ ಹಿಟ್ಟು ಮೆತ್ತಿಕೊಂಡು ಕಣ್ಣು ಮುಚ್ಚಿ ಕೂತೆ. ತಂಗಿ ಹಣೆಯ ಮುಂದೆ ಕೀಲಿಗೊಂಚಲು ಅಲ್ಲಾಡಿಸಿದರೆ ನಾನು ನೆತ್ತಿಯ ಕಡೆ ಕೈ ತೋರಿಸುತ್ತಿದ್ದೆ. "ಅಣ್ಣ, ಅಲ್ಲಲ್ಲ, ಇಲ್ಲಿ" ಅಂತ ಪ್ರತಿ ಸಲ ಹೇಳಬೇಕಾಯಿತು. ಎಡ ಬಲ ಮಾತ್ರ ಸರಿಯಾಗೇ ಹೇಳಿದೆ. ಹಿಟ್ಟು ತೆಗೆದ ಮೇಲೆ ಎಲ್ಲ ಮೊದಲಿನಂತಾಯಿತು.

ಇಯರ್‌ಬಡ್ ಕೂರೋದು ಈ ಮಡಿಕೆಗಳನ್ನು ದಾಟಿ, ತೂತಿನ ಬಾಯಲ್ಲಿ. ಅಂದರೆ ಹೊರಕಿವಿ ಮಾಡಬೇಕಾದ ಕೆಲಸವನ್ನು ಲೆಕ್ಕದಿಂದಲೇ ಮಾಡಿ ಕಳಿಸಬೇಕು. ಪ್ರತಿ ದಿಕ್ಕಿಗೂ ಎರಡೂ ಕಿವಿಗೆ ಶಬ್ದ ಹೇಗೆ ಬದಲಾಗಿ ಮುಟ್ಟುತ್ತದೆ ಅನ್ನುವ ಈ ಅಳತೆಗೆ ಹೆಚ್‌ಆರ್‌ಟಿಎಫ್ ಅಂತಾರೆ. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದಲ್ಲಿ 1994ರಲ್ಲಿ ಕೆಮಾರ್ ಅನ್ನುವ, ಮನುಷ್ಯನಂಥ ತಲೆ ಕಿವಿ ಇರುವ ಗೊಂಬೆಯ ಕಿವಿಯಲ್ಲಿ ಮೈಕ್ ಇಟ್ಟು, 710 ದಿಕ್ಕುಗಳಿಂದ ಶಬ್ದ ನುಡಿಸಿ ಅಳೆದಿದ್ದಾರೆ. ಎಲ್ಲರಿಗೂ ಉಚಿತವಾಗಿ ಸಿಗುತ್ತದೆ. ನಾನು ರೀಪರ್ ಅನ್ನುವ ಆಡಿಯೋ ಸಾಫ್ಟ್‌ವೇರ್‌ನಲ್ಲಿ, ಈ ಲೆಕ್ಕ ಮಾಡುವ ಸ್ಪಾರ್ಟಾ ಪ್ಲಗಿನ್ ಹಾಕಿ, ಆ ಅಳತೆಯನ್ನು ಕೊಟ್ಟು, ಮೂರು ವಾದ್ಯಗಳನ್ನೂ ಎದುರಿಗೆ ಅರ್ಧಚಂದ್ರದಲ್ಲಿ ಕೂರಿಸಿದೆ. ಪಕ್ಕದಲ್ಲಿದ್ದ ಮೃದಂಗ, ಘಟ ಕಿವಿಯಿಂದ ಹೊರಗೆ ಬಂದವು. ಎದುರಿಗಿರಬೇಕಾದ ವೀಣೆ ಹಣೆಯಿಂದ ಮೇಲಕ್ಕೆ ಹೋಗಿ ಕೂತಿತು.

ಕೆಮಾರ್‌ನ ಕಿವಿ ನನ್ನ ಕಿವಿಯಲ್ಲ, ಅದಕ್ಕೇ ಹೀಗೆ. ಕ್ಯಾಲಿಫೋರ್ನಿಯಾದ ಸಿಪಿಕ್ ಸಂಗ್ರಹದಲ್ಲಿ 45 ಜೋಡಿ ಕಿವಿಗಳ ಅಳತೆ ಇದೆ. ಘಟದ ಒಂದೇ ಒಂದು ಪೆಟ್ಟನ್ನು ಕತ್ತರಿಸಿ ತೆಗೆದು, ತಲೆಯ ಸುತ್ತ ಒಂದು ಸುತ್ತು ಹಾಕಿಸಿ, ಒಂದೊಂದು ಜೋಡಿಯ ಅಳತೆ ಹಾಕಿಯೂ ಕೇಳುತ್ತಾ ಹೋದೆ. ಬಹಳಷ್ಟರಲ್ಲಿ ಪೆಟ್ಟು ಮುಂದೆ ಬರುವ ಹೊತ್ತಿಗೆ ಮೇಲಕ್ಕೆ ಎಗರುತ್ತಿತ್ತು, ಇಲ್ಲವೇ ಬೆನ್ನ ಹಿಂದೆಯೇ ಉಳಿಯುತ್ತಿತ್ತು. ಕೆಲವೇ ಕೆಲವು ಸುತ್ತನ್ನು ಸರಿಯಾಗಿ ಮುಗಿಸಿದವು. ಅವುಗಳಲ್ಲೊಂದನ್ನು ಇಟ್ಟುಕೊಂಡೆ. 2022ರಲ್ಲಿ ಐಫೋನಿನ ಸಾಫ್ಟ್‌ವೇರ್ ಐಒಎಸ್ 16 ಬಂದಾಗ ಐಫೋನ್ ಕ್ಯಾಮೆರಾದಿಂದ ಕಿವಿಯನ್ನು ಸ್ಕ್ಯಾನ್ ಮಾಡಿಸುವ ವ್ಯವಸ್ಥೆ ಬಂತಲ್ಲ, ಅದು ಇದೇ ತೊಂದರೆಗೆ ಉತ್ತರ. ನಿಮ್ಮ ಬಡ್‌ಗೆ ಆ ಸೌಕರ್ಯ ಇದ್ದರೆ ಸೋಮಾರಿತನ ಮಾಡದೆ ಸ್ಕ್ಯಾನ್ ಮಾಡಿಸಿ.

ಕೋಣೆಯ ಅನುರಣನವನ್ನೂ ಒಂದಿಷ್ಟು ಬೆರೆಸಬೇಕು. ಗೋಡೆಗೆ ಬಡಿದು ವಾಪಸ್ ಬರುವ ಶಬ್ದ ಇಲ್ಲದಿದ್ದರೆ ವಾದ್ಯ ಮುಖಕ್ಕೆ ಅಂಟಿಕೊಂಡೇ ಇರುತ್ತದೆ. ದೂರ ಅನ್ನೋದು ಗೋಡೆಗಳಿಂದಲೇ ತಿಳಿಯೋದು.

ಇನ್ನು ಕತ್ತಿನ ವಿಷಯ. ನಿಜವಾಗಿ ಕೇಳುವಾಗ ನಾವು ತಲೆಯನ್ನು ಸದಾ ಸ್ವಲ್ಪ ಆಡಿಸುತ್ತಲೇ ಇರುತ್ತೇವೆ. ಎದುರಿನ ಶಬ್ದವಾದರೆ, ಬಲಕ್ಕೆ ತಿರುಗಿದಾಗ ಅದು ಎಡಗಿವಿಗೆ ಹತ್ತಿರವಾಗುತ್ತದೆ. ಹಿಂದಿನದಾದರೆ ಉಲ್ಟಾ. ಮಿದುಳು ಮುಂದೆ, ಹಿಂದೆ ತೀರ್ಮಾನ ಮಾಡೋದು ಬಹಳ ಮಟ್ಟಿಗೆ ಇದರಿಂದ ಅಂತ ಮನೋವಿಜ್ಞಾನಿ ಹ್ಯಾನ್ಸ್ ವಾಲಾಕ್ 1940ರಲ್ಲಿ ತೋರಿಸಿದ್ದರು. ನಾನು ಬಿಎನ್‌ಒ055 ಅನ್ನುವ ಪುಟ್ಟ ಸೆನ್ಸರನ್ನು ಹೆಡ್‌ಫೋನಿನ ಪಟ್ಟಿಗೆ ಕಟ್ಟಿದೆ. ತಲೆ ಎತ್ತ ತಿರುಗಿದೆ ಅಂತ ಅದು ಸೆಕೆಂಡಿಗೆ 100 ಸಲ ಹೇಳುತ್ತದೆ. ಅದರ ದಿಕ್ಸೂಚಿ ಭಾಗವನ್ನು ಆಫ್ ಮಾಡಬೇಕು, ಹೆಡ್‌ಫೋನಿನ ಅಯಸ್ಕಾಂತ ಅದನ್ನು ದಾರಿ ತಪ್ಪಿಸುತ್ತದೆ. ಆಫ್ ಮಾಡಿದರೆ ಕೋನ ನಿಧಾನಕ್ಕೆ ಜಾರುತ್ತದೆ, ಹಾಗಾಗಿ ಆಗಾಗ ಸೊನ್ನೆಗೆ ತರಲು ಒಂದು ಬಟನ್ ಇಟ್ಟುಕೊಂಡೆ. ತಲೆ ಬಲಕ್ಕೆ ಎಷ್ಟು ತಿರುಗಿತೋ ಅಷ್ಟೇ ಎಡಕ್ಕೆ ವಾದ್ಯಗಳನ್ನು ತಿರುಗಿಸಬೇಕು, ಇಷ್ಟೇ ಲೆಕ್ಕ.

ಸೆನ್ಸರ್ ಜೋಡಿಸಿ ತಲೆ ಆಡಿಸಿದ ತಕ್ಷಣ ವೀಣೆ ಹಣೆಯಿಂದ ಇಳಿದು ಎದುರಿಗೆ ಕೂತಿತು. ಕಿವಿ ಬದಲಾಯಿಸಿ ಬದಲಾಯಿಸಿ ಸಿಗದ ಸ್ಥಿರತೆ ಇಲ್ಲಿ ಸಿಕ್ಕಿತು. ಪುನಃ ಕೆಮಾರ್‌ನ ಕಿವಿ ಹಾಕಿ ನೋಡಿದರೂ ವೀಣೆ ಹೆಚ್ಚುಕಮ್ಮಿ ಮುಂದೆಯೇ ಇತ್ತು.

ಸೆನ್ಸರ್ ಕಟ್ಟಿ ಕೇಳಿದ್ದೆಲ್ಲ ವೈರ್ ಇರುವ ಹೆಡ್‌ಫೋನಿನಲ್ಲಿ. ಅದೇ ಸೆನ್ಸರನ್ನು ಟೋಪಿಗೆ ಕಟ್ಟಿ ಬ್ಲೂಟೂತ್ ಬಡ್‌ನಲ್ಲಿ ಕೇಳಿದಾಗ ವಾದ್ಯಗಳು ನನ್ನ ಜೊತೆ ತಿರುಗಿ, ಆಮೇಲೆ ವಾಪಸ್ ಜಾರಿ ಜಾಗಕ್ಕೆ ಹೋಗುತ್ತಿದ್ದವು. ಮಾಮೂಲಿ ಬ್ಲೂಟೂತ್ ಹಾದಿಯಲ್ಲಿ ತಡ 100 ಮಿಲಿಸೆಕೆಂಡ್ ಮೀರೋದು ಸಾಮಾನ್ಯ. ತಯಾರಾಗಿ ಬರುವ ಬಡ್‌ಗಳಿಗೂ ದೊಡ್ಡ ಸವಾಲು ಇದೇ. ಏರ್‌ಪಾಡ್ಸ್ ಪ್ರೊನಂಥದ್ದರಲ್ಲಿ ಬಡ್‌ನೊಳಗಿನ ಸೆನ್ಸರ್ ತಲೆಯ ಚಲನೆಯನ್ನು ಫೋನಿಗೆ ಕಳಿಸುತ್ತದೆ, ಫೋನ್ ಲೆಕ್ಕ ಹಾಕಿ ಎರಡು ಕಿವಿಗೆ ಎರಡು ಚಾನೆಲ್ ವಾಪಸ್ ಕಳಿಸುತ್ತದೆ. ಹೋಗಿ ಬರುವ ಎರಡೂ ದಾರಿ ಚುರುಕಾಗಿರಬೇಕು. ಫೋನ್ ತನ್ನ ಚಲನೆಯನ್ನೂ ತಲೆಯ ಚಲನೆಯ ಜೊತೆಗಿಟ್ಟು ನೋಡುತ್ತದೆ. ಅದಕ್ಕೇ ಬಸ್ಸು ತಿರುವಿನಲ್ಲಿ ತಿರುಗಿದರೂ ಸಿನಿಮಾದ ಮಾತು ಕಿಟಕಿಯ ಕಡೆ ಓಡಿಹೋಗದೆ ಪರದೆಯಲ್ಲೇ ನಿಲ್ಲುತ್ತದೆ.

ಇಷ್ಟು ಕಟ್ಟಿದ ಮೇಲೆ ನಾನು ಕೇಳುವ ರೀತಿಯೂ ಬದಲಾಗಿದೆ. ಡಾಲ್ಬಿ ಅಟ್ಮಾಸ್‌ನಲ್ಲಿ ಮಿಕ್ಸ್ ಆದ ಸಿನಿಮಾಕ್ಕೆ ಹೆಡ್ ಟ್ರ್ಯಾಕಿಂಗ್, ಅಂದರೆ ತಲೆಯ ಚಲನೆ ಹಿಂಬಾಲಿಸುವ ಸೌಕರ್ಯ, ಆನ್ ಇಡುತ್ತೇನೆ. ಅದರಲ್ಲಿ ಯಾವ ಶಬ್ದ ಎಲ್ಲಿರಬೇಕು ಅನ್ನುವ ಮಾಹಿತಿ ಇರುತ್ತದೆ. ಹಳೆಯ ಸ್ಟೀರಿಯೋ ಹಾಡುಗಳಲ್ಲಿ ಆ ಮಾಹಿತಿ ಇಲ್ಲ. ಫೋನ್ ಅದನ್ನು ಊಹಿಸಿ ಹರಡಿದಾಗ ಹಾಡುವವರ ದನಿಗೆ ಸುಮ್ನೆ ಕೋಣೆಯ ಮಬ್ಬು ಅಂಟುತ್ತದೆ, ಕೊಳಲಿನ ಉಸಿರು ಮಾಸುತ್ತದೆ. ಅಂಥ ಹಾಡು ಬಂದಾಗ ಸೆಟ್ಟಿಂಗ್‌ಗೆ ಹೋಗಿ ಸ್ಪೇಶಿಯಲ್ ಆಡಿಯೋ ಆಫ್ ಮಾಡಿಯೇ ಕೇಳುತ್ತೇನೆ.