ಮಳೆಗಾಲಕ್ಕೆ ಮುಂಚೆ ಜಪಾನಿ ಮರದಚ್ಚಿನ ಚಿತ್ರಕ್ಕೆ ಹೊಸ ಫ್ರೇಮು

ಮನೆಯಲ್ಲಿ ಹಳೆಯ ಉಕಿಯೊ-ಎ, ಅಂದರೆ ಜಪಾನಿ ಮರದಚ್ಚಿನ ಚಿತ್ರವಿದ್ದರೆ ಮೇ ತಿಂಗಳಲ್ಲೇ ಫ್ರೇಮು ಬಿಚ್ಚಿ ನೋಡಿ. ಕಾಗದಕ್ಕೆ ಬೂಷ್ಟು ಹಿಡಿಯಲು ಶೇ. 70ರಷ್ಟು ತೇವ ಸಾಕು. ಜುಲೈಯಲ್ಲಿ ಮುಂಬೈ ಗಾಳಿಯಲ್ಲಿ ಅದು ಶೇ. 80 ದಾಟಿರುತ್ತದೆ.

ಕೈ ತೊಳೆದು ಪೂರ್ತಿ ಒರೆಸಿಕೊಳ್ಳಿ. ಹಿಂದಿನ ಹಾರ್ಡ್‌ಬೋರ್ಡ್, ರಟ್ಟು, ನ್ಯೂಸ್‌ಪೇಪರ್ ಎಲ್ಲ ತೆಗೆದುಹಾಕಿ. ಇವುಗಳ ಆಮ್ಲದಿಂದಲೇ ಹಾಳೆ ಕಂದಾಗುತ್ತದೆ. ಸೆಲೋಟೇಪ್ ಅಂಟಿದ್ದರೆ ಮಾತ್ರ ಕೀಳಲು ಹೋಗಬೇಡಿ, ಕಾಗದ ಸಂರಕ್ಷಕರಿಗೇ ಬಿಡಿ.

ಈಗ ಹಾಳೆಯನ್ನು ಓರೆಬೆಳಕಿನಲ್ಲಿ ನೋಡಿ. ಹಿಮದ ಮೇಲೋ ಕಿಮೊನೊ ನೇಯ್ಗೆಯಲ್ಲೋ ಬಣ್ಣವಿಲ್ಲದೆ ಬರೀ ಒತ್ತಿ ಎಬ್ಬಿಸಿದ ಗೆರೆಗಳು ಕಾಣಬಹುದು. ಇದು ಕರಾಜುರಿ. ಫ್ರೇಮಿನಂಗಡಿಯಲ್ಲಿ 'ಡ್ರೈ ಮೌಂಟ್ ಮಾಡ್ತೀವಿ, ನೆಟ್ಟಗಿರುತ್ತೆ' ಅಂದರೆ ಖಂಡಿತ ಬೇಡವೆನ್ನಿ. ಡ್ರೈ ಮೌಂಟ್ ಎಂದರೆ ಚಿತ್ರವನ್ನು ಬಿಸಿಯಲ್ಲಿ ಒತ್ತಿ ಬೋರ್ಡಿಗೆ ಅಂಟಿಸುವುದು. ಆ ಬಿಸಿ ಒತ್ತಡಕ್ಕೆ ಈ ಉಬ್ಬು ಸಪಾಟಾದರೆ ಮತ್ತೆ ಬರುವುದಿಲ್ಲ.

ಚಿತ್ರವನ್ನು ಬೋರ್ಡಿಗೆ ಪೂರ್ತಿ ಅಂಟಿಸಲೇಬಾರದು. ಆಸಿಡ್-ಫ್ರೀ ಬೋರ್ಡಿನ ಮೇಲೆ ಮೇಲಂಚಿನಿಂದ ಮಾತ್ರ ತೂಗಬೇಕು. ತೆಳು ಜಪಾನಿ ಕಾಗದದ ಎರಡು ಪಟ್ಟಿ ಹರಿದುಕೊಳ್ಳಿ. ಕತ್ತರಿಸಿದರೆ ಅಂಚಿನ ಗುರುತು ಮುಂದಕ್ಕೆ ಮೂಡುತ್ತದೆ. ಒಂದು ಪಾಲು ಗೋಧಿ ಪಿಷ್ಟಕ್ಕೆ ಐದು ಪಾಲು ನೀರು ಹಾಕಿ, ಸಣ್ಣ ಉರಿಯಲ್ಲಿ ಕೈ ಬಿಡದೆ ತಿರುವಿ, ಗಂಜಿ ಹೊಳೆಯುವ ತನಕ ಕಾಯಿಸಿ, ಆರಿಸಿ, ಸೋಸಿ. ಮೈದಾ ನಡೆಯದು, ಹುಳ ಬರುತ್ತದೆ. ಪಟ್ಟಿ ಚಿತ್ರದ ಬೆನ್ನಿನ ಮೇಲೆ 4–5 ಮಿ.ಮೀ. ಮಾತ್ರ ಕೂರಲಿ, ಉಳಿದದ್ದು ಬೋರ್ಡಿಗೆ ಅಂಟಲಿ. ಅಂಟನ್ನು ತೀರ ತೆಳ್ಳಗೆ ಸವರಿ, ಮೇಲೆ ಬ್ಲಾಟಿಂಗ್ ಪೇಪರ್, ಅದರ ಮೇಲೆ ಭಾರವಿಟ್ಟು ಒಂದು ಗಂಟೆ ಬಿಡಿ. ನೀರು ಹೆಚ್ಚಾದರೆ ಕಲೆ ಕೂರುತ್ತದೆ. 18ನೇ ಶತಮಾನದ ಚಿತ್ರಗಳಲ್ಲಿನ, ಹೂವಿನಿಂದ ತೆಗೆದ ನೀಲಿ ಬಣ್ಣವಂತೂ ಒದ್ದೆ ತಾಗಿದರೇ ಕದಡುತ್ತದೆ. ಅಂಟಿನ ಕೆಲಸಕ್ಕೆ ಧೈರ್ಯ ಬಾರದಿದ್ದರೆ ಪಾಲಿಯೆಸ್ಟರ್ ಮೂಲೆಗಳಲ್ಲಿ ಸಿಕ್ಕಿಸಿ, ಅದೂ ಒಳ್ಳೆಯದೇ.

ಗಾಜು ಚಿತ್ರಕ್ಕೆ ತಾಗದಂತೆ ಮಧ್ಯೆ ದಪ್ಪನೆಯ ಮೌಂಟ್ (ಚಿತ್ರದ ಸುತ್ತ ಬರುವಂತೆ ನಡುವೆ ಕತ್ತರಿಸಿದ ಆಸಿಡ್-ಫ್ರೀ ಬೋರ್ಡು) ಇರಲಿ. ಎಸಿ ಆನ್-ಆಫ್ ಆಗುವ ಕೋಣೆಯಲ್ಲಿ ಗಾಜಿನ ಒಳಗೂ ಬೆವರು ಕಟ್ಟಬಹುದು. ಅದು ಬಣ್ಣಕ್ಕಿಳಿದರೆ ಹಾಳೆ ಗಾಜಿಗೇ ಕಚ್ಚಿಕೊಳ್ಳುತ್ತದೆ.

ಮಳೆ ಬಡಿಯುವ ಹೊರಗೋಡೆ ಬೇಡ, ಕಿಟಕಿಯೆದುರು ಬೇಡ. ಈ ಚಿತ್ರಗಳಲ್ಲಿನ 'ಬೆನಿ' ಎಂಬ ಗುಲಾಬಿ-ಕೆಂಪು ಬಣ್ಣ ನಮ್ಮ ಬಯಲುಸೀಮೆಯಲ್ಲಿ ಎಣ್ಣೆಗೆ ಬೆಳೆಯುವ ಕುಸುಬೆಯ ಹೂವಿನದೇ, ಬಿಸಿಲಿಗೆ ನಿಲ್ಲುವುದೇ ಇಲ್ಲ. ಸಂಗ್ರಹಾಲಯಗಳು ಇಂಥ ಚಿತ್ರಕ್ಕೆ 50 ಲಕ್ಸ್‌ಗಿಂತ ಹೆಚ್ಚು ಬೆಳಕು ಕೊಡುವುದಿಲ್ಲ, ಕೆಲವು ತಿಂಗಳು ತೂಗುಹಾಕಿ ಮತ್ತೆ ಕತ್ತಲಲ್ಲಿಡುತ್ತವೆ. ನೀವೂ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಳಿಸಿ, ಬಿಗಿ ಮುಚ್ಚಳದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜತೆ ಮಲಗಿಸಿಡಿ. ಜೆಲ್ ಚಿತ್ರಕ್ಕೆ ತಾಗದಿರಲಿ, ಒಳಗೊಂದು ಚಿಕ್ಕ ತೇವಮಾಪಕ ಇರಲಿ. ಅದು ಶೇ. 60 ದಾಟಿದ ದಿನ ಜೆಲ್ ಬದಲಿಸಿ.