ನಂಬರ್ ಬಿಟ್ಟು ಮಾರ್ಚ್‌ಗೆ ಹೋದೆ

2021ರ ಡಿಸೆಂಬರ್‌ನಲ್ಲಿ ಅಮೆರಿಕದಲ್ಲಿ ವೈದ್ಯರಾಗಲು ಬೇಕಾದ ಯುಎಸ್‌ಎಂಎಲ್‌ಇ ಪರೀಕ್ಷೆಗೆ ಓದುತ್ತಿದ್ದ ನಾವೆಲ್ಲ ಒಬ್ಬರಿಗೊಬ್ಬರು ಕೇಳುತ್ತಿದ್ದದ್ದು ಒಂದೇ ಮಾತು: "ಡೇಟ್ ಸಿಕ್ತಾ?" 2022ರ ಜನವರಿ 26ರಿಂದ ಅದರ ಮೊದಲ ಹಂತವಾದ ಸ್ಟೆಪ್ 1ಕ್ಕೆ ಮೂರಂಕಿಯ ಸ್ಕೋರ್ ಇಲ್ಲ, ಬರೀ ಪಾಸ್ ಇಲ್ಲವೇ ಫೇಲ್. ಪಾಸಾಗಲು ಬೇಕಾದ ಮಟ್ಟವೂ ಅದೇ ದಿನ 194ರಿಂದ 196ಕ್ಕೆ ಏರುತ್ತಿತ್ತು. ನಮ್ಮ ಹಾಗೆ ಅಮೆರಿಕದ ಹೊರಗೆ ಎಂಬಿಬಿಎಸ್ ಮಾಡಿದವರಿಗೆ ದೊಡ್ಡ ನಂಬರೇ ಆಸರೆ, ಅದು ಹೋಗುವ ಮುಂಚೆ ಬರೆದುಬಿಡು ಎಂದು ಸೀನಿಯರ್‌ಗಳು ಒತ್ತಾಯಿಸುತ್ತಿದ್ದರು.

ನಾನು ಮಾಡಿದ ಒಂದು ಒಳ್ಳೆಯ ಕೆಲಸವೆಂದರೆ ಪರೀಕ್ಷೆ ಬರೆಯಲು ಜನವರಿಯಿಂದ ಮಾರ್ಚ್‌ವರೆಗಿನ ಮೂರು ತಿಂಗಳ ಅವಧಿ ಆರಿಸಿಕೊಂಡದ್ದು. ಹಳೇ ನಿಯಮ, ಹೊಸ ನಿಯಮ ಎರಡೂ ಅದರೊಳಗೇ ಇದ್ದವು. ಮೊದಲು ಜನವರಿ ಮಧ್ಯಕ್ಕೆ ಬುಕ್ ಮಾಡಿದ್ದೆ. ಡಿಸೆಂಬರ್ ಮೊದಲ ವಾರ ಎನ್‌ಬಿಎಂಇ ಸೆಲ್ಫ್ ಅಸೆಸ್‌ಮೆಂಟ್ ಎಂಬ ಅಭ್ಯಾಸ ಪರೀಕ್ಷೆ ಬರೆದಾಗ 208 ಬಂತು. ಬಯೋಕೆಮಿಸ್ಟ್ರಿ ಪೂರ್ತಿ ಮಲಗಿತ್ತು. 208 ಪಾಸೇನೋ ಹೌದು, ಆದರೆ ಆ ನಂಬರ್ ನನ್ನ ಟ್ರಾನ್ಸ್‌ಕ್ರಿಪ್ಟ್‌ನಲ್ಲಿ ಕೊನೆಯವರೆಗೂ ಉಳಿಯುತ್ತದೆ. ನಾಲ್ಕೈದು ವಾರದಲ್ಲಿ ಅದನ್ನು 240 ಮಾಡುತ್ತೇನೆಂದು ನನಗೆ ನಾನೇ ಹೇಳಿಕೊಂಡರೆ ಅದು ಸುಳ್ಳಾಗುತ್ತಿತ್ತು. ಪರೀಕ್ಷೆಗೆ ಇನ್ನೂ 31 ದಿನಕ್ಕಿಂತ ಹೆಚ್ಚು ಇತ್ತು, ದಂಡ ಕಟ್ಟದೆ ಮಾರ್ಚ್‌ಗೆ ಬದಲಾಯಿಸಿದೆ. ಅಪ್ಪನಿಗೆ ಹೇಳಲು ಎರಡು ದಿನ ಹಿಡಿಯಿತು.

ಮಾರ್ಚ್‌ನಲ್ಲಿ ಬೆಂಗಳೂರಿನ ಸೆಂಟರ್‌ನಲ್ಲೇ ಬರೆದೆ. ಪ್ರಶ್ನೆಗಳ ಏಳು ಬ್ಲಾಕ್, ಎಂಟು ಗಂಟೆ. ಒಳಗೆ ಹೋಗುವಾಗಲೆಲ್ಲ ಜೇಬು ಹೊರಗೆಳೆದು ತೋರಿಸಬೇಕು, ಕನ್ನಡಕ ಬಿಚ್ಚಿ ಕೊಡಬೇಕು. ಇದಕ್ಕೆ ಹೋಗುವ ಸಮಯ ನಮ್ಮ ಬ್ರೇಕಿನಿಂದಲೇ ಕಳೆಯುತ್ತದೆ. ಆರಂಭದ ಟ್ಯುಟೋರಿಯಲ್ ಮನೆಯಲ್ಲೇ ನೋಡಿಕೊಂಡು ಹೋದರೆ ಆ 15 ನಿಮಿಷ ಆಗ ಬ್ರೇಕಿಗೆ ಸೇರುತ್ತಿತ್ತು. ನನ್ನ ಚಪಾತಿ ರೋಲ್ ತಿಂದು ಮುಗಿದದ್ದು ಅದರಿಂದಲೇ.

ಪಾಸಾಯಿತು. ನಿಜವಾಗಿ ಸುಸ್ತಾದದ್ದು ಕಾಗದಪತ್ರಗಳಲ್ಲಿ. ಅಮೆರಿಕಕ್ಕೇ ಹೋಗಿ ಕೊಡಬೇಕಿದ್ದ ಸ್ಟೆಪ್ 2 ಸಿಎಸ್ ಎಂಬ ಪ್ರಾಯೋಗಿಕ ಪರೀಕ್ಷೆ 2020ರ ಮಾರ್ಚ್‌ನಲ್ಲಿ ಕೋವಿಡ್‌ನಿಂದ ನಿಂತಿತು, 2021ರ ಜನವರಿ 26ರಂದು ರದ್ದಾಯಿತು (ಸ್ಟೆಪ್ 1ರದ್ದು, ಇದು, ಎರಡೂ ಬದಲಾವಣೆ ನಮ್ಮ ಗಣರಾಜ್ಯೋತ್ಸವದ ದಿನವೇ ಬಂದದ್ದು ನಮಗೆ ಮರೆಯುವಂತಿಲ್ಲ). ಅದರ ಜಾಗಕ್ಕೆ ಹೊರದೇಶದ ವೈದ್ಯರಿಗೆ ಪ್ರಮಾಣಪತ್ರ ಕೊಡುವ ಇಸಿಎಫ್‌ಎಂಜಿಯ ಪಾಥ್‌ವೇಗಳು (ಅರ್ಹತೆ ತೋರಿಸುವ ಬೇರೆ ಬೇರೆ ದಾರಿಗಳು), ಜೊತೆಗೆ ಒಇಟಿ ಎಂಬ ಇಂಗ್ಲಿಷ್ ಪರೀಕ್ಷೆ ಬಂದವು. ಇಂಟರ್ನ್‌ಶಿಪ್ ಮುಗಿದು ಕರ್ನಾಟಕ ವೈದ್ಯಕೀಯ ಪರಿಷತ್ತಿನ ನೋಂದಣಿ ಇದ್ದುದರಿಂದ ನನಗೆ ಒಂದನೇ ಪಾಥ್‌ವೇ ಸಾಕಿತ್ತು. ತೊಡಕಾದದ್ದು ಹೆಸರು. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಹೆಸರಿನ ಮುಂದೆ ಎರಡು ಇನಿಷಿಯಲ್, ಡಿಗ್ರಿಯಲ್ಲೂ ನೋಂದಣಿಯಲ್ಲೂ ಹಾಗೆಯೇ. ಪಾಸ್‌ಪೋರ್ಟ್‌ನಲ್ಲಿ ಮಾತ್ರ ಊರಿನ ಹೆಸರು, ಅಪ್ಪನ ಹೆಸರು ಪೂರ್ತಿ ಬಿಡಿಸಿ ಬರೆದಿದೆ. ನಮ್ಮ ಕಡೆ ಅರ್ಧಕ್ಕರ್ಧ ಜನರದ್ದು ಇದೇ ಕಥೆ. ನೋಟರಿ ಮಾಡಿಸಿದ ಅಫಿಡವಿಟ್ ಹಿಡಿದುಕೊಂಡು ಓಡಾಡಿದೆ. ಈಗ ಯಾರೇ ಜೂನಿಯರ್ ಫೋನ್ ಮಾಡಿದರೂ ಪುಸ್ತಕದ ಹೆಸರು ಹೇಳುವುದಕ್ಕಿಂತ ಮುಂಚೆ ಪಾಸ್‌ಪೋರ್ಟ್ ತೆಗೆದು ನೋಡು ಎನ್ನುತ್ತೇನೆ.

ಒಇಟಿಯ ಮಾತನಾಡುವ ಭಾಗಕ್ಕೆ ಅಮ್ಮನನ್ನೇ ರೋಗಿ ಮಾಡಿ ಕೂರಿಸಿದ್ದೆ. ಐದು ನಿಮಿಷದ ರೋಲ್ ಪ್ಲೇ. "ನೀನು ನನ್ನ ಮಾತು ಮುಗಿಯೋಕೇ ಬಿಡಲ್ಲ ಕಣೇ" ಅಂದರು. ವಾರ್ಡಿನಲ್ಲಿ ನೂರಾರು ರೋಗಿಗಳನ್ನು ನೋಡಿದ್ದರೂ ಈ ಮಾತು ನನಗೆ ಯಾರೂ ಹೇಳಿರಲಿಲ್ಲ.

ಸ್ಟೆಪ್ 1ರ ನಂಬರ್ ಇಲ್ಲದ ಮೇಲೆ ಭಾರವೆಲ್ಲ ಮುಂದಿನ ಹಂತದ ಪರೀಕ್ಷೆಯಾದ ಸ್ಟೆಪ್ 2 ಸಿಕೆ ಮೇಲೆ ಬೀಳುತ್ತದೆಂದು ಗೊತ್ತಿತ್ತು. 2022ರ ಜುಲೈ 1ರಿಂದ ಅದರ ಪಾಸ್ ಮಟ್ಟವೂ 209ರಿಂದ 214ಕ್ಕೆ ಹೋಯಿತು. ಈ ಸಲ ಮಾತ್ರ ಅಭ್ಯಾಸ ಪರೀಕ್ಷೆಯಲ್ಲಿ ಮೂರು ಬಾರಿ ನನಗೆ ಬೇಕಾದ ಸ್ಕೋರ್ ಬರುವ ತನಕ ಡೇಟನ್ನೇ ತೆಗೆದುಕೊಳ್ಳಲಿಲ್ಲ.

2023ರ ಜುಲೈನಲ್ಲಿ ಚಿಕ್ಕಮ್ಮನ ಮಗಳು ಫೋನ್ ಮಾಡಿದಳು. ಅವಳದ್ದು 2019ರ ಬ್ಯಾಚ್, ಎಂಬಿಬಿಎಸ್ ಕೊನೆಗೆ ದೇಶಕ್ಕೆಲ್ಲ ಒಂದೇ ಎಂದು ತರಲಿದ್ದ ನೆಕ್ಸ್ಟ್ ಪರೀಕ್ಷೆಯನ್ನು ಮೊಟ್ಟಮೊದಲು ಬರೆಯಬೇಕಿದ್ದವರು. "ಅಕ್ಕಾ, ನೆಕ್ಸ್ಟ್‌ಗೆ ಓದ್ಲೋ, ನೀಟ್ ಪಿಜಿಗೆ ಓದ್ಲೋ?" ಮೆಡಿಸಿನ್, ಸರ್ಜರಿ, ಓಬಿಜಿ (ಹೆರಿಗೆ, ಸ್ತ್ರೀರೋಗ) ಎರಡಕ್ಕೂ ಬೇಕು, ಅಲ್ಲಿಂದ ಶುರು ಮಾಡು ಅಂದೆ. ಅದೇ ತಿಂಗಳು ನೆಕ್ಸ್ಟ್ ಮುಂದಕ್ಕೆ ಹೋಯಿತು. ಅವಳು ಆಗ ಮೆಡಿಸಿನ್‌ನಲ್ಲಿ ಹೃದಯದ ಅಧ್ಯಾಯ ಮುಗಿಸಿದ್ದಳು.